ಹದಿನಾಲ್ಕನೆಯ ಪ್ರೋಗ್ರಾಮ್

ಮಾನ್ಯ ಅಧ್ಯಕ್ಷರಾದ ಕಿಟ್ಟಣ್ಣನವರೇ, ವೇದಿಕೆಯ ಗಣ್ಯರೇ, ಸಾಂಬಾರಿನ ಪರಿಮಳ ಬಂದರೂ ಕುರ್ಚಿ ಬಿಡದ ಡೊಂಬಿವಲಿಯ ಕನ್ನಡಿಗ ಸಭಿಕರೇ,

ನಿವೃತ್ತನಾದವನಿಗೆ ಸನ್ಮಾನ ಮಾಡುವುದು ಒಳ್ಳೆಯ ಪದ್ಧತಿ, ಇನ್ನು ಇವನು ಪಾಠ ಮಾಡುವುದಿಲ್ಲವೆಂಬ ಧೈರ್ಯ ಇರುತ್ತದೆ. ನನ್ನ ಪರಿಚಯವನ್ನು ಮಾನಸಿ ಬಹಳ ಚಂದ ಓದಿದಳು. ಮೂವತ್ತೆರಡು ವರ್ಷದ ಅಧ್ಯಾಪನ, ಹನ್ನೊಂದು ಸಂಶೋಧನ ಪ್ರಬಂಧ, ಗಣಿತ ಮತ್ತು ಕಂಪ್ಯೂಟರ್ ತಜ್ಞ. ಯಾರಪ್ಪಾ ಈ ಮಹಾನುಭಾವ ಎಂದು ನಾನೇ ಆಚೀಚೆ ನೋಡಿದೆ. ಸ್ವಾಮಿ, ಆ ಹನ್ನೊಂದರಲ್ಲಿ ಎಂಟನ್ನು ಬರೆದ ನಾನೇ ಎರಡನೆಯ ಸಲ ಓದಿಲ್ಲ. ಬಡ್ತಿಗೆ ಅಂಕ ಬೇಕು, ಅಂಕಕ್ಕೆ ಪ್ರಬಂಧ ಬೇಕು ಎಂದರು. ಕೂಡಲೇ ರಬಾಳೆಯ ಯಾವುದೋ ಶೆಡ್ಡಿನಲ್ಲಿ ‘ಅಂತರರಾಷ್ಟ್ರೀಯ’ ಪತ್ರಿಕೆಗಳು ಅಚ್ಚಾಗತೊಡಗಿದವು. ಇದಕ್ಕೆ ವಿದ್ವತ್ತು ಎಂದು ಹೆಸರು.

ತಜ್ಞನಾದ ಕಥೆಯನ್ನೂ ಕೇಳಿ. ನಾನು ಶುದ್ಧ ಗಣಿತದವನು. ೨೦೦೧ರಲ್ಲಿ ಠಾಣೆಯ ನಮ್ಮ ಕಾಲೇಜಿಗೆ ಕಂಪ್ಯೂಟರ್ ಕೋರ್ಸ್ ಬಂತು, ಮೇಷ್ಟ್ರು ಬರಲಿಲ್ಲ. ಅದನ್ನು ಓದಿದವರೆಲ್ಲ ಕಂಪನಿ ಸೇರಿದ್ದರು. ಪ್ರಿನ್ಸಿಪಾಲರು ಕರೆದು, “ಗಣಿತ ಬರುತ್ತದಲ್ಲ, ಇದೂ ಅದೇ” ಎಂದರು. ಹನ್ನೆರಡು ದಿನ ತರಬೇತಿ, ಹದಿಮೂರನೆಯ ದಿನ ನಾನು ತಜ್ಞ. ಕಂಪ್ಯೂಟರುಗಳಿಗೆ ಎಸಿ, ನಮಗೆ ತಿರುಗದ ಫ್ಯಾನು. ಲ್ಯಾಬಿಗೆ ಚಪ್ಪಲಿ ಬಿಟ್ಟು ಹೋಗಬೇಕಿತ್ತು, ಒಳಗೆ ಪ್ರಸಾದ ಮಾತ್ರ ಕೊಡುತ್ತಿರಲಿಲ್ಲ.

ಅಲ್ಲಿ ಪ್ರಾಕ್ಟಿಕಲ್ ಜರ್ನಲ್ ಎಂಬ ಒಂದು ಪುಸ್ತಕ. ವಿದ್ಯಾರ್ಥಿ ಇಪ್ಪತ್ತು ಪ್ರೋಗ್ರಾಮ್ ಬರೆದು, ಯಂತ್ರದಲ್ಲಿ ಹಾಕಿ, ಬಂದ ಉತ್ತರವನ್ನು ಕೆಳಗೆ ಬರೆಯಬೇಕು. ನಾನು ಸಹಿ ಮಾಡಬೇಕು. ಸಹಿ ಇಲ್ಲದಿದ್ದರೆ ಪರೀಕ್ಷೆ ಇಲ್ಲ. ಯಂತ್ರ ಹತ್ತು, ಮಕ್ಕಳು ಅರುವತ್ತು. ಏನು ಮಾಡಿದರು ಅವರು? ನಾನು ಬರೆದಿಟ್ಟ ಮಾದರಿ ಜರ್ನಲನ್ನು ಜೆರಾಕ್ಸ್ ಮಾಡಿಸಿ, ಕಲ್ಯಾಣದಲ್ಲಿ ಲೋಕಲ್ ಟ್ರೇನ್ ಹತ್ತಿದವರು ಠಾಣೆ ಬರುವುದರೊಳಗೆ ನಾಲ್ಕು ಪ್ರೋಗ್ರಾಮ್ ನಕಲು ಮಾಡಿ ಮುಗಿಸುತ್ತಿದ್ದರು. ನನಗೆ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ಸಹಿ ಹಾಕಿದೆ.

೨೦೦೩ರಲ್ಲಿ ಒಬ್ಬಳು ಮಾತ್ರ ಬೇರೆ ಬರೆದಳು, ನಿಶ್ಮಿತಾ ಎಂದು. ನಗು ಬರುವ ಸಂಗತಿ, ಅದಕ್ಕೇ ಹೇಳುತ್ತೇನೆ. ಹದಿನಾಲ್ಕನೆಯ ಪ್ರೋಗ್ರಾಮ್, ಮೂರು ಮತ್ತು ನಾಲ್ಕರ ಸರಾಸರಿ. ಐವತ್ತೊಂಬತ್ತು ಜರ್ನಲಿನಲ್ಲಿ ಮೂರೂವರೆ, ಇವಳದ್ದರಲ್ಲಿ ಮೂರು. ಕೆಂಪು ಶಾಯಿಯಲ್ಲಿ ಗೀಟು ಹಾಕಿದೆ. “ಸರ್, ಮೆಶೀನ್ ತೀನ್ ಹೀ ದೇತಾ ಹೈ” ಎಂದಳು, ಯಂತ್ರ ಮೂರೇ ಕೊಡುತ್ತದೆ ಎಂದು ಹಿಂದಿಯಲ್ಲಿ. ನಮ್ಮ ಉಡುಪಿ ಕಡೆಯ ಹುಡುಗಿ, ಕನ್ನಡದಲ್ಲಿ ಹೇಳಲಿಕ್ಕೆ ಏನು ಧಾಡಿ? “ತಿದ್ದಿ ತಾ, ಸಹಿ ಹಾಕುತ್ತೇನೆ” ಎಂದೆ. ತಿದ್ದಲಿಲ್ಲ. ಲ್ಯಾಬಿಗೆ ಬನ್ನಿ ಸರ್, ತೋರಿಸುತ್ತೇನೆ ಎಂದು ಮೂರು ಸಲ ಕರೆದಳು. ಅವಳು ಕರೆದಲ್ಲಿಗೆ ನಾನು ಹೋಗುವುದೇ? ಹೋಗಲಿಲ್ಲ.

ಕೊನೆಗೆ ಅವಳ ತಂದೆ ವಾಸಣ್ಣ ಮನೆಗೆ ಬಂದರು, ಉಲ್ಹಾಸನಗರದ ಹೋಟೆಲಿನಲ್ಲಿ ಅಡುಗೆಯವರು. ವಾದ ಮಾಡಲಿಕ್ಕಲ್ಲ, ಕ್ಷಮೆ ಕೇಳಲಿಕ್ಕೆ. “ನಾಲ್ಕಕ್ಷರ ಇಂಗ್ಲಿಷ್ ಬಂತೆಂದು ಅಹಂಕಾರ ಸರ್ ಅವಳಿಗೆ. ನೀವು ನಮ್ಮವರು, ನೀವು ತಪ್ಪು ಹೇಳುವುದುಂಟಾ?” ಹೋಳಿಗೆ ತಂದಿದ್ದರು. ತಿಂದೆ. ಚೆನ್ನಾಗಿತ್ತು.

ಅವಳು ಪರೀಕ್ಷೆಗೆ ಕೂರಲಿಲ್ಲ. ಸರ್ ಎದುರು ಮಾತಾಡುವವಳಿಗೆ ಓದು ಯಾಕೆ ಎಂದು ಅಪ್ಪ ಮರುವರ್ಷ ಕಾಲೇಜಿಗೆ ಕಳಿಸಲಿಲ್ಲ. ಕಳಂಬೋಲಿಯ ಕಬ್ಬಿಣದ ಅಂಗಡಿಯಲ್ಲಿ ಟೈಪಿಂಗಿಗೆ ಸೇರಿದಳಂತೆ. ನಕಲು ಮಾಡಿದ ಐವತ್ತೊಂಬತ್ತು ಮಂದಿ ಪಾಸು.

ಪರೀಕ್ಷೆ ಮುಗಿದು ಲ್ಯಾಬು ಖಾಲಿಯಾದ ಮೇಲೆ ಒಂದು ಮಧ್ಯಾಹ್ನ ನಾನು ಆ ಪ್ರೋಗ್ರಾಮನ್ನು ಹಾಕಿ ನೋಡಿದೆ. ಮೂರು ಬಂತು. ಮತ್ತೆ ಹಾಕಿದೆ, ಮೂರೇ. ನಾನು ಬರೆದ ರೀತಿಗೆ ಯಂತ್ರ ಪೂರ್ಣಸಂಖ್ಯೆಯನ್ನಷ್ಟೇ ಇಟ್ಟುಕೊಂಡು ಅರ್ಧವನ್ನು ಬಿಟ್ಟುಬಿಡುತ್ತದೆ. ಅದು ಮೊದಲ ತಿಂಗಳ ಪಾಠ. ಗಣಿತದವನಲ್ಲವೇ, ನಾನು ಯಂತ್ರ ಮುಟ್ಟದೆ ಉತ್ತರವನ್ನು ತಲೆಯಲ್ಲೇ ಲೆಕ್ಕ ಹಾಕಿ ಬರೆದಿದ್ದೆ. ಮಾದರಿ ಜರ್ನಲನ್ನು ಬ್ಲೇಡಿನಲ್ಲಿ ಕೆರೆದು ತಿದ್ದಿದೆ. ಹನ್ನೊಂದು ವರ್ಷವಾಯಿತು, ಯಾರಿಗೂ ಹೇಳಲಿಲ್ಲ.

ಇದನ್ನು ಯಾಕೆ ಹೇಳತೊಡಗಿದೆ ನಾನು? ಮಕ್ಕಳ ನಕಲಿನ ಬಗ್ಗೆ ನಿಮ್ಮನ್ನು ನಗಿಸಬೇಕೆಂದಿದ್ದೆ.

ಹಿಂದೆ ಎದ್ದು ನಿಂತವರು ಯಾರು? ವಾಸಣ್ಣನಾ? ನೀವು ಬಂದದ್ದು ಗೊತ್ತಿರಲಿಲ್ಲ. ಗೊತ್ತಿದ್ದರೆ ಹೇಳುತ್ತಲೂ ಇರಲಿಲ್ಲ, ಅಷ್ಟು ದೊಡ್ಡ ಮನುಷ್ಯ ನಾನು. ಹೊರಗೆ ಹೋಗಬೇಡಿ, ನಿಲ್ಲಿ. ಮೈಕಿನಲ್ಲೇ ಹೇಳುತ್ತೇನೆ. ನಿಮ್ಮ ಮಗಳು ಸರಿ, ನಾನು ತಪ್ಪು. ಆ ಇಡೀ ಕ್ಲಾಸಿನಲ್ಲಿ ನನ್ನನ್ನೂ ಸೇರಿಸಿ ಕೆಲಸ ಮಾಡಿದವಳು ಅವಳೊಬ್ಬಳೇ. ನನಗೆ ನಾಚಿಕೆಯಾಗುತ್ತಿದೆ. ಫೋನ್ ಮಾಡಿ ಅವಳಿಗೆ ಹೇಳಿ. ಈಗಲೇ. ಸಭಿಕರು ಕಾಯುತ್ತಾರೆ, ಇಷ್ಟು ಹೊತ್ತು ನನ್ನನ್ನು ಸಹಿಸಿದವರು.

ಏನೆಂದಳು ವಾಸಣ್ಣ? ಸ್ವಲ್ಪ ಗಟ್ಟಿಯಾಗಿ ಹೇಳಿ.

ಉತ್ತರ ಮೂರೇ ಎಂದು ಅವಳಿಗೆ ಆಗಲೇ ಗೊತ್ತಿತ್ತಂತೆ. ನನ್ನ ವಿಷಯವನ್ನೇ ಎತ್ತಲಿಲ್ಲವಂತೆ. “ಪಪ್ಪಾ, ಈಗಲಾದರೂ ನನ್ನನ್ನು ನಂಬುತ್ತೀರಾ?” ಎಂದು ಕೇಳುತ್ತಿದ್ದಾಳಂತೆ.

ನನ್ನ ಕಡೆ ನೋಡಬೇಡಿ ವಾಸಣ್ಣ. ಅವಳು ಲೈನಿನಲ್ಲಿದ್ದಾಳೆ, ಅವಳಿಗೆ ಹೇಳಿ.

ಕಿಟ್ಟಣ್ಣ, ಚೀಟಿ ಬೇಡ, ಮುಗಿಸಿದೆ. ಕರೆದು ಕೂರಿಸಿದ್ದಕ್ಕೆ, ಕೇಳಿಸಿಕೊಂಡಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಚಪ್ಪಾಳೆ ಬೇಡ, ಅವರು ಮಾತಾಡುತ್ತಿದ್ದಾರೆ. ನಮಸ್ಕಾರ.