ನಲ್ಲಿಗೆ ಬರುವ ನೀರು

ಮೀನು ಹಿಡಿಯುವ ಹೊನ್ನಯ್ಯನ ಮಗಳು ಜಲಾಶಯದಲ್ಲಿ ಮುಳುಗಿದಾಗ, ಪ್ರವಾಸಿಗರು ಕಾಯುತ್ತಿದ್ದಾರೆಂದು ಬೋಟಿಂಗಿನವರು ಹುಡುಕಲು ದೋಣಿ ಕೊಡಲಿಲ್ಲ. ಮೂರನೇ ದಿನ ಹೆಣ ತಾನೇ ತೇಲಿತು.

ಈ ವಾರ ಅದೇ ಜಲಾಶಯದಲ್ಲಿ ಪ್ರವಾಸಿಯೊಬ್ಬ ಮುಳುಗಿದ; ಹೆಣ ಇನ್ನೂ ಸಿಕ್ಕಿರಲಿಲ್ಲ. ಬೇಲೂರು ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತಾ, ನಲ್ಲಿಯಲ್ಲಿ ತುಂಬಿಕೊಂಡ ಬಾಟಲಿ ಎತ್ತಿ ನೀರು ಕುಡಿಯುತ್ತಿದ್ದ ಶೀಲಾವತಿ ಎಂಬಾಕೆಯ ಪಕ್ಕದಲ್ಲೇ ಬೋಟಿಂಗ್ ಮ್ಯಾನೇಜರ್ ಹೊನ್ನಯ್ಯನನ್ನು ತಡೆದ.

“ಬಾರಯ್ಯ, ಜೀಪ್ ನಿಂತೈತೆ. ನಿನ್ನಂಗೆ ಮುಳುಗು ಹಾಕೋರು ಈ ಸೀಮೇಲಿಲ್ಲ.”

“ದೋಣಿ ಖಾಲಿ ಐತಾ ಸ್ವಾಮಿ?”

“ಎಲ್ಲಾ ನಿನಗೇ ಕಣಯ್ಯ.”

“ಜನ ಕ್ಯೂ ನಿಂತಿಲ್ವಾ?”

“ಹಳೇದ್ಯಾಕೆ ಕೆದಕ್ತೀಯ? ಹೆಣ ಇರೋ ನೀರು ಊರ ನಲ್ಲಿಗೆಲ್ಲಾ ಹೋಗ್ತೈತೆ. ಜನ ಹೆಂಗೆ ಕುಡಿಯೋದು?”

ಶೀಲಾವತಿಯ ಬಾಟಲಿ ತುಟಿಯಲ್ಲೇ ನಿಂತಿತು.

“ನನ್ನ ಮಗಳು ಅದರೊಳಗಿದ್ದಾಗ ಹೆಂಗೆ ಕುಡಿದ್ರೋ ಹಂಗೆ.”

ಗೆಂಡೆಹಳ್ಳಿ ಬಸ್ಸು ಬಂತು. ಹೊನ್ನಯ್ಯ ಕಂಬಿ ಹಿಡಿದು ಮೆಟ್ಟಿಲೇರಿದ.

“ನಾನು ನೀರಿಗಿಳಿಯಲ್ಲ, ಹೋಗಿ.”