ಮಲ್ಲಿಗೆ ಬುಡದ ತೂತು ಗಡಿಗೆ

ಒಬ್ಬ ಶ್ರೀಮಂತ ಇದ್ದ ಅಂತ ಇಟ್ಟುಕೊಳ್ಳಿ. ಯಾವ ಊರು ಅಂತ ಕೇಳಬೇಡಿ. ಕೇಳಿದರೆ ನಿಮ್ಮ ಊರಿನ ಹೆಸರನ್ನೇ ಹೇಳಬೇಕಾದೀತು. ಅವನಿಗೆ ಏನು ಕಡಿಮೆ ಇತ್ತು? ಎರಡಂತಸ್ತಿನ ಮನೆ, ಮನೆಯ ಮೇಲೆ ಕರಿಯ ಟಾಕಿ, ಟಾಕಿಯ ತುಂಬ ನೀರು. ಧರ್ಮಕ್ಕೂ ಹಿಂದೆ ಬಿದ್ದವನಲ್ಲ. ಬೇಸಿಗೆ ಬಂತೆಂದರೆ ಬಸ್ ನಿಲ್ದಾಣದ ಹತ್ತಿರ ಅರವಟ್ಟಿಗೆ ಇಡಿಸುತ್ತಿದ್ದ. ಬಾಯಾರಿದವರಿಗೆ ನೀರು ಕೊಡಬೇಕು ಅನ್ನುವುದು ಅವನಿಗೆ ಗೊತ್ತಿತ್ತು. ಹೇಗೆ ಕೊಡಬೇಕು ಅನ್ನುವುದು ಗೊತ್ತಿರಲಿಲ್ಲ. ನೋಡಿ, ಕಥೆ ಇರುವುದೇ ಅಲ್ಲಿ.

ಅವನ ಹೆಂಡತಿ ಮನೆಯ ಹಿಂದೆ ಒಂದು ಹಿತ್ತಿಲು ಮಾಡಿಕೊಂಡಿದ್ದಳು. ಒಂದು ಕರಿಬೇವು, ಒಂದು ದಾಸವಾಳ, ಎರಡು ಸಾಲು ಕನಕಾಂಬರ. ಮೂಲೆಯಲ್ಲಿ ಒಂದು ದುಂಡುಮಲ್ಲಿಗೆ. ಆ ಮಲ್ಲಿಗೆ ಅವಳ ತವರಿನದು. ಮದುವೆಯಾಗಿ ಬರುವಾಗ ಅವಳ ಅವ್ವ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ, ಎಲೆ ಅಡಿಕೆ, ಅದರ ಜೊತೆಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದು ಮಲ್ಲಿಗೆ ಸಸಿ, ಬೇರಿನ ಸುತ್ತ ಒಂದು ಹಿಡಿ ಮಣ್ಣು. ಆಮೇಲೆ ಆ ತವರೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಮೊದಲು ಹೊಲ ಹೋಯಿತು, ಆಮೇಲೆ ಮನೆ ಹೋಯಿತು, ಕೊನೆಗೆ ಗುಡಿಯ ಕಳಸವೂ ಕಾಣದಂತಾಯಿತು. ಸರಕಾರ ಕೊಟ್ಟ ಹೊಸ ಊರಿನ ತಗಡಿನ ಮನೆಯಲ್ಲಿ ಅವ್ವನೂ ಕಣ್ಣು ಮುಚ್ಚಿದಳು. ಈಗ ಹೇಳಿ, ಆ ಊರಿನದು ಅಂತ ಆ ಹೆಣ್ಣುಮಗಳಿಗೆ ಉಳಿದದ್ದು ಏನು? ಮೂಲೆಯ ಆ ಹಿಡಿ ಮಣ್ಣು. ಅದರಲ್ಲಿ ನಿಂತ ಆ ಗಿಡ.

ಒಂದು ವರ್ಷ ಯುಗಾದಿ ಮುಗಿಯುವುದರೊಳಗೇ ಬಿಸಿಲು ಬೆಂಕಿಯಾಯಿತು. ಕಾಗೆಗಳು ಬಾಯಿ ತೆರೆದುಕೊಂಡು ಗೋಡೆಯ ನೆರಳಿನಲ್ಲಿ ಕೂರುವಂಥ ಬಿಸಿಲು. ಅದೇ ಹೊತ್ತಿಗೆ ಮಗಳಿಗೆ ಎರಡನೆಯ ಹೆರಿಗೆ. ಬೀಗಿತಿ ಜಾರಿಬಿದ್ದು ಕಾಲು ಮುರಿದುಕೊಂಡು ಮಂಚ ಹಿಡಿದಿದ್ದಳು. ಹೀಗಾಗಿ ಬಾಣಂತನಕ್ಕೆ ತಾಯಿಯೇ ಮಗಳ ಊರಿಗೆ ಹೊರಟಳು. ಹೊರಡುವ ಮುಂಚೆ ಗಂಡನ ಎದುರು ನಿಂತು ಹೇಳಿದಳು:

"ನೋಡ್ರಿ, ಮಲ್ಲಿಗಿ ಬುಡಕ್ಕ ಒಂದು ಗಡಿಗಿ ಹುಗದೇನಿ. ಮುಂಜಾನೆ ಹೊತ್ತು ಹೊಂಡೂದ್ರಾಗ ಅದನ್ನ ತುಂಬಿ ಮುಚ್ಚಬೇಕ್ರಿ. ಸುತ್ತ ಶೇಂಗಾ ಹೊಟ್ಟು ಹಾಸೇನಿ, ಅದನ್ನ ಮುಟ್ಟಬ್ಯಾಡ್ರಿ. ಅಷ್ಟ ಮಾಡಿದ್ರ ಸಾಕು. ಕೇಳಸ್ತೇನ್ರಿ?"

ಶ್ರೀಮಂತ ಪೇಪರ್ ಓದುತ್ತಿದ್ದ. "ಹೂಂ" ಅಂದ.

"ಮಳಿ ಬಿದ್ದ ಮ್ಯಾಲ ಅದರದೊಂದು ಟೊಂಗಿ ಮಗಳ ಮನ್ಯಾಗ ಹಚ್ಚಬೇಕಂತ ಮಾಡೇನಿ. ಹೆಣ್ಣು ಹುಟ್ಟಿದ್ರ ಆ ಕೂಸಿನ ಜಡಿಗೆ ನಮ್ಮವ್ವನ ಮಲ್ಲಿಗಿ ಆಗಬೇಕು."

"ಹೂಂ ಹೂಂ. ಬಸ್ ತಪ್ಪೀತು, ನಡಿ."

ಈ 'ಹೂಂ' ನಿಮಗೆ ಗೊತ್ತಲ್ಲ? ನಗುತ್ತಿದ್ದೀರಿ. ನಗಿ. ಗಂಡಸರು ನಗುತ್ತಿಲ್ಲ ನೋಡಿ!

ಎಂಟು ದಿನ ಅವನು ಹೇಗೋ ಗಡಿಗೆ ತುಂಬಿಸಿದ. ಯಾಕೆ ಅಂತ ತಿಳಿಯದೆ ತುಂಬಿಸಿದ. ಒಂಬತ್ತನೆಯ ದಿನ ಮಠದಿಂದ ಸುದ್ದಿ ಬಂತು, ಸ್ವಾಮಿಗಳು ಈ ಕಡೆ ಬರುತ್ತಿದ್ದಾರೆ, ಪಾದಪೂಜೆಗೆ ನಿಮ್ಮ ಮನೆಗೂ ಬಂದು ಹೋಗುತ್ತಾರೆ ಅಂತ. ಹೆಂಡತಿ ಮನೆಯಲ್ಲಿಲ್ಲ. ಆದರೂ ಬಂದ ಭಾಗ್ಯ ಬಿಡಲು ಅವನಿಗೆ ಮನಸ್ಸಾಗಲಿಲ್ಲ. ಮನೆ ತೊಳೆಸಿದ, ಬಾಗಿಲಿಗೆ ತೋರಣ ಕಟ್ಟಿಸಿದ, ಕೊನೆಗೆ ಹಿತ್ತಿಲಿಗೆ ಬಂದ. ನೋಡುತ್ತಾನೆ, ಮಲ್ಲಿಗೆಯ ಬುಡದಲ್ಲಿ ಕಸದ ರಾಶಿ. ಅದರ ನಡುವೆ ಹಳೆಯ ತಾಟು ಮುಚ್ಚಿಕೊಂಡು ಕೂತ ಮಣ್ಣಿನ ಗಡಿಗೆ. ಸ್ವಾಮಿಗಳ ಕಣ್ಣಿಗೆ ಇದು ಬೀಳಬೇಕೇ ಅಂದುಕೊಂಡು ಎಳೆದ. ಬರಲಿಲ್ಲ. ಎರಡೂ ಕೈ ಹಾಕಿ ಜಗ್ಗಿದ. ಬಂತು. ತಳದಲ್ಲಿ ತೂತು!

ಒಡೆದ ಗಡಿಗೆ ಮನೆಯಲ್ಲಿದ್ದರೆ ದರಿದ್ರ ಅಂತ ಅವನ ಅಜ್ಜಿ ಹೇಳಿದ್ದಳು. ನಿಮ್ಮ ಅಜ್ಜಿಯೂ ಹೇಳಿದ್ದಾಳೆ, ನನ್ನ ಅಜ್ಜಿಯೂ ಹೇಳಿದ್ದಾಳೆ. ಆ ಗಡಿಗೆಯ ಹೊರಮೈಗೆ ಕೂದಲಿನಷ್ಟು ಸಣ್ಣ ಬಿಳಿಯ ಬೇರುಗಳು ಬಲೆಯ ಹಾಗೆ ಅಂಟಿಕೊಂಡಿದ್ದವು. ಎಳೆದಾಗ ಹರಿದು ಬಂದ ಬೇರುಗಳು. ಅವನು ಅವನ್ನು ಕಂಡ. ನಿಜವಾಗಿಯೂ ಕಂಡ. ಒಂದು ಗಳಿಗೆ ಕೈ ನಿಂತಿತು ಕೂಡ. ಆಮೇಲೆ ಗಡಿಗೆಯನ್ನು ತಿಪ್ಪೆಗೆ ಎಸೆದ. ಹೊಟ್ಟು ಗುಡಿಸಿ ಬೆಂಕಿ ಹಚ್ಚಿಸಿದ. ಗಿಡದ ಸುತ್ತ ಇಟ್ಟಿಗೆ ಜೋಡಿಸಿ, ಒಂದಕ್ಕೆ ಸುಣ್ಣ ಒಂದಕ್ಕೆ ಕೆಮ್ಮಣ್ಣು ಬಳಿಸಿದ. ಸ್ವಾಮಿ ಬಂದ, ಪಾದಪೂಜೆ ಆಯಿತು. ಹಿತ್ತಿಲನ್ನೂ ನೋಡಿದ. "ಎಷ್ಟು ಚೊಕ್ಕ ಇಟ್ಟೀಯಪ್ಪಾ! ಒಂದು ಒಣಗಿದ ಎಲಿ ಸುದ್ದಾ ಇಲ್ಲ" ಅಂತ ಮೆಚ್ಚಿಕೊಂಡ. ಶ್ರೀಮಂತನಿಗೆ ಆ ಒಂದು ಮಾತೇ ಪ್ರಸಾದವಾಯಿತು.

ಅಂದಿನಿಂದ ಮಧ್ಯಾಹ್ನ ಹನ್ನೆರಡಾದರೆ ಮಲ್ಲಿಗೆಯ ಎಲೆ ಜೋತು ಬೀಳತೊಡಗಿತು. ಅದು ಅವನಿಗೆ ನೋಡಲಾಗುತ್ತಿರಲಿಲ್ಲ. ಕೆಟ್ಟವನಲ್ಲ ಅವನು, ಅದನ್ನು ಮರೆಯಬೇಡಿ. ಊಟ ಬಿಟ್ಟು ಓಡುತ್ತಿದ್ದ. ಬಿಸಿಲಿನಲ್ಲಿ ಹಾವಿನ ಹಾಗೆ ಬಿದ್ದಿದ್ದ ಪೈಪು ಎತ್ತಿ ಎಲೆಗಳ ಮೇಲೆ ನೀರು ಹಾರಿಸುತ್ತಿದ್ದ. ಮೊದಲು ಬರುತ್ತಿದ್ದದ್ದು ಕೈ ಸುಡುವ ನೀರು. ಸುಟ್ಟ ಕೈಯನ್ನು ಧೋತರಕ್ಕೆ ಒರೆಸಿಕೊಳ್ಳುತ್ತಿದ್ದ, ನೀರನ್ನು ಗಿಡಕ್ಕೇ ಬಿಡುತ್ತಿದ್ದ. ಮುಂಜಾನೆಯೂ ಹಾಗೆಯೇ ಮೇಲೆ ಮೇಲೆ ಒಂದು ಸಲ.

ಪಕ್ಕದ ಮನೆಯ ಮುದುಕಿ ಒಂದು ದಿನ ಗೋಡೆಯ ಆಚೆಯಿಂದ ಕೂಗಿದಳು:

"ಏನ್ರಿ ಸಾವ್ಕಾರ್ರ, ಗಿಡಕ್ಕ ಜಳಕಾ ಮಾಡಸಾಕತ್ತೀರೇನು?"

"ನೀರಡಿಸ್ಯಾವ ಅಜ್ಜಿ. ನೋಡು, ಕುತಿಗಿ ಚೆಲ್ಲ್ಯಾವ."

"ನೀರಡಿಸಿದವಗ ನೀರು ಕುಡಸ್ತಾರೋ, ತಲಿ ಮ್ಯಾಲ ಸುರೀತಾರೋ? ಅದೂ ಸುಡೂ ನೀರು!"

"ಸಂಜೀಕ ಬಂದು ನೋಡು, ಹ್ಯಾಂಗ ಎದ್ದು ನಿಂತಿರ್ತಾವು."

"ಸಂಜೀಕ ನಾನೂ ಎದ್ದು ನಿಲ್ತೇನಿ ಯಪ್ಪಾ. ಅದು ನಿನ್ನ ಪೈಪಿನ ಪುಣ್ಯ ಅಲ್ಲ, ಹೊತ್ತು ಇಳಿದ ಪುಣ್ಯ."

ಅವನು ನಕ್ಕುಬಿಟ್ಟ. ಮುದುಕಿಗೆ ಬಿಸಿಲು ತಲೆಗೇರಿದೆ ಅಂದುಕೊಂಡ. ನೋಡಿ, ದೇವರು ಎಚ್ಚರಿಸುವಾಗ ಶಂಖ ಊದಿಕೊಂಡು ಬರುವುದಿಲ್ಲ. ಪಕ್ಕದ ಮನೆಯ ಮುದುಕಿಯ ಬಾಯಲ್ಲಿ ಬರುತ್ತಾನೆ, ಚೇಷ್ಟೆಯ ಮಾತಾಗಿ ಬರುತ್ತಾನೆ. ನಾವು ನಕ್ಕು ಕಳಿಸುತ್ತೇವೆ.

ಒಂದು ಸಂಜೆ ಹೆಂಡತಿಯ ಫೋನ್ ಬಂತು.

"ಹೆಣ್ಣು ಕೂಸು ರೀ! ಥೇಟ್ ನಮ್ಮವ್ವನ ಮಾರಿ."

ಅವನ ಕಣ್ಣು ತುಂಬಿತು. ಅವಳು ಕೇಳಿದಳು, "ಮಲ್ಲಿಗಿ ಹ್ಯಾಂಗೈತಿ?"

"ಚಲೋ ಐತಿ. ದಿನಾ ಎರಡು ಹೊತ್ತು ನೀರು ಹಾಕಾಕತ್ತೇನಿ."

"ಎರಡು ಹೊತ್ತು ಯಾಕ್ರಿ? ಗಡಿಗಿ ತುಂಬಸ್ತೀರಿಲ್ಲೋ?"

ಇಲ್ಲಿ ನಿಲ್ಲಿ. ಇಲ್ಲಿ ಸ್ವಲ್ಪ ನಿಲ್ಲಿ. ಕಥೆಯ ಬಾಗಿಲು ಇನ್ನೂ ತೆರೆದಿತ್ತು. 'ತಪ್ಪಾತು, ಗಡಿಗಿ ಕಿತ್ತು ಒಗದೇನಿ' ಅಂದಿದ್ದರೆ ಅವಳು ಎರಡು ಮಾತು ಬೈಯುತ್ತಿದ್ದಳು, ಮೂರನೆಯ ಮಾತಿಗೆ ದಾರಿ ಹೇಳುತ್ತಿದ್ದಳು. ತಿಪ್ಪೆಯಲ್ಲಿ ಗಡಿಗೆ ಇನ್ನೂ ಹಾಗೆಯೇ ಬಿದ್ದಿತ್ತು. ತಂದು ಹುಗಿಯಲು ಎಷ್ಟು ಹೊತ್ತು ಬೇಕಿತ್ತು? ಒಂದು ಚುಟ್ಟಾ ಸೇದುವಷ್ಟು ಹೊತ್ತು.

ಅವನು "ಹೂಂ" ಅಂದ.

ಮುಂದಿನ ವಾರ ಊರಿನ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಎರಡು ದಿನ ಕರೆಂಟಿಲ್ಲ, ಬೋರಿನ ನೀರಿಲ್ಲ, ಟಾಕಿ ಬರಿದು. ಹಿಂದೆಲ್ಲ ಹೆಂಡತಿ ನಾಲ್ಕು ದಿನ ಜಾತ್ರೆ, ಮದುವೆ ಅಂತ ಹೋಗಿ ಬಂದರೂ ಬಾಡದಿದ್ದ ಗಿಡ, ಆ ಎರಡು ದಿನ ತಾಳಲಿಲ್ಲ. ಮೂರನೆಯ ದಿನ ಅವನು ಎಲೆ ಮುಟ್ಟಿದ. ಸುಟ್ಟ ಹಪ್ಪಳದ ಹಾಗೆ ಪುಡಿಯಾಗಿ ಬೆರಳಿಗೆ ಅಂಟಿತು. ಅವನು ಆ ಪುಡಿಯನ್ನು ಒರೆಸಿಕೊಳ್ಳದೆ ಹಾಗೆಯೇ ನಿಂತ. ನೀರು ಬಂದ ಮೇಲೆ ಬಕೆಟ್ಟು ಬಕೆಟ್ಟು ಹೊತ್ತು ಹಾಕಿದ, ಗಟ್ಟಿಯಾದ ನೆಲದ ಮೇಲೆ ಅದು ಹರಿದೇ ಹೋಯಿತು. ಸತ್ತ ಮೇಲೆ ಗಂಗೆ ಬಂದರೇನು?

ಹೆಂಡತಿ ಬಂದಳು. ಕೈಕಾಲು ತೊಳೆಯಲಿಲ್ಲ, ನೀರು ಕುಡಿಯಲಿಲ್ಲ, ನೆಟ್ಟಗೆ ಹಿತ್ತಿಲಿಗೆ ಹೋದಳು. ಅವನು ಹಿಂದೆ ಹಿಂದೆ ಹೋದ. "ದಿನಾ ಎರಡು ಹೊತ್ತು ಹಾಕೇನಿ ನೋಡ. ಊಟಾ ಬಿಟ್ಟು ಹಾಕೇನಿ. ಬಿಸಲ ಹಂಗಿತ್ತು, ಏನು ಮಾಡೂದು" ಅಂತ ಹೇಳುತ್ತಲೇ ಇದ್ದ. ಅವಳು ಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂತು ಬೆರಳಿನಿಂದ ಮಣ್ಣು ಕೆದಕಿದಳು. ಮೇಲೆ ಎರಡು ಬೆರಳು ಹಸಿ. ಅದರ ಕೆಳಗೆ ಬರೀ ಧೂಳು.

ತಿರುಗಿ ನೋಡದೆ ಕೇಳಿದಳು: "ಗಡಿಗಿ ಎಲ್ಲೈತ್ರಿ?"

"ಅದು... ಒಡದಿತ್ತು. ಸ್ವಾಮಿಗೋಳು ಬರಾವ್ರಿದ್ರು. ಒಡದ ಗಡಿಗಿ ಮನ್ಯಾಗ..."

"ಒಡದಿದ್ದಿಲ್ರಿ ಅದು. ನಾನ ತೂತು ಮಾಡಿದ್ದೆ. ತೂತಿಗೆ ಅರಿವಿ ತುರುಕಿದ್ದೆ, ಹನಿ ಹನಿ ಇಳೀಲಿ ಅಂತ."

ಬೆರಳಿನ ಧೂಳು ಉದುರಿಸಿ ಅಂದಳು: "ಫೋನಿನ್ಯಾಗ ಕೇಳಿದ್ನಲ್ಲ. ಹೂಂ ಅಂದಿದ್ರಿ."

ಅಷ್ಟೇ. ಬೈಯಲಿಲ್ಲ, ಅಳಲಿಲ್ಲ. ಎದ್ದು ಹೋಗಿ ಕೈಕಾಲು ತೊಳೆದುಕೊಂಡು ಒಲೆ ಹಚ್ಚಿದಳು, ಅವನಿಗೆ ಇಷ್ಟವಾದ ಪುಂಡಿಪಲ್ಲೆ ಮಾಡಿದಳು. ಅವಳು ಬೈದಿದ್ದರೆ ಚೆನ್ನಾಗಿತ್ತು ಅಂತ ಅವನಿಗೆ ಅನಿಸಿತು. ರೊಟ್ಟಿ ಮುರಿದ, ತಾಟಿನಲ್ಲೇ ಬಿಟ್ಟ. ಮೂವತ್ತು ವರ್ಷ ಈ ಹೆಣ್ಣಿಗೂ ತಾನು ಹೀಗೆಯೇ ನೀರು ಹಾಕಿದ್ದೆನಲ್ಲವೇ ಅನಿಸಿತು. ಹಬ್ಬಕ್ಕೊಂದು ಇಳಕಲ್ ಸೀರೆ, ನೆಂಟರೆದುರು ಹೊಗಳಿಕೆ. ಎಲ್ಲ ಎಲೆಯ ಮೇಲೆ. ಅವಳ ತವರೂರು ಮುಳುಗಿದ ದಿನ ಅವಳು ಏನೋ ಹೇಳಲು ಬಂದಿದ್ದಳು. ಏನು ಹೇಳಿದ್ದಳು? ಎಷ್ಟು ನೆನೆದರೂ ನೆನಪಾಗಲಿಲ್ಲ. ತಾನು ಹೂಂ ಅಂದದ್ದು ಮಾತ್ರ ನೆನಪಾಯಿತು.

ಮರುದಿನ ಕುಂಬಾರರ ಓಣಿಗೆ ಹೋಗಿ ನಾಲ್ಕು ಗಡಿಗೆ ತಂದ. ತೂತು ಮಾಡಲು ಕೂತ. ಮೂರು ಒಡೆದವು. ನಾಲ್ಕನೆಯದು ನಿಂತಿತು. ಅರಿವೆ ತುರುಕಿ, ಒಣಗಿದ ಮಲ್ಲಿಗೆಯ ಬುಡಕ್ಕೆ ಹುಗಿದ. ಹೊತ್ತು ಹುಟ್ಟುವ ಮುಂಚೆ ಎದ್ದು ತುಂಬಿದ. ಹೊಟ್ಟು ಹಾಸಿದ. ದಿನ ದಿನ ತುಂಬಿದ. ಮಳೆ ಬಂತು. ಕಸವೂ ಚಿಗುರಿತು, ಕಲ್ಲಿನ ಸಂದಿನ ಹುಲ್ಲೂ ಚಿಗುರಿತು. ಮಲ್ಲಿಗೆ ಚಿಗುರಲಿಲ್ಲ. ನಿಮಗೆ ಚಿಗುರಿತು ಅಂತ ಹೇಳಬೇಕು ಅಂತ ನನಗೂ ಆಸೆ ಇದೆ. ಆದರೆ ಚಿಗುರಲಿಲ್ಲ.

ಮಳೆಗಾಲ ಮುಗಿದ ಮೇಲೂ ಅವನು ತುಂಬುತ್ತಲೇ ಇದ್ದ. ಒಂದು ಮುಂಜಾನೆ ಹೆಂಡತಿ ಅವನ ಕೈಯಿಂದ ಕೊಡ ಇಸಿದುಕೊಂಡಳು.

"ಸಾಕ್ರಿ. ಆ ಕರಿಬೇವೂ ಬಿಸಲಿಗೆ ಅರ್ಧಾ ಸುಟ್ಟೈತಿ. ಇನ್ನೂ ಜೀವ ಐತಿ ಅದರಾಗ. ಗಡಿಗಿ ಅದರ ಬುಡಕ್ಕ ಹುಗೀರಿ."

ಕಥೆ ಮುಗಿಯಿತು. ಕಥೆ ಅವರದು, ಹಿತ್ತಿಲು ನಿಮ್ಮದು.

ಆ ಹಿತ್ತಿಲು ನೋಡಿ ಮೆಚ್ಚಿಕೊಂಡ ಸ್ವಾಮಿ ಇದ್ದನಲ್ಲ, ಅವನಿಗೂ ಮೇಲಿನ ಚೊಕ್ಕವೇ ಕಂಡಿತು. ಬುಡ ಯಾಕೆ ಬರಿದಾಗಿದೆ ಅಂತ ಕೇಳಬೇಕಾಗಿತ್ತು, ಕೇಳಲಿಲ್ಲ. ನಡೆದದ್ದನ್ನೆಲ್ಲ ಶ್ರೀಮಂತನೇ ಆಮೇಲೆ ಬಂದು ಹೇಳಿದಾಗ ತಿಳಿಯಿತು. ಆ ಸ್ವಾಮಿ ಈಗ ನಿಮ್ಮ ಮುಂದೆ ಕೂತಿದ್ದಾನೆ. ಅದಕ್ಕೇ ಈ ಕಥೆ ಹೇಳುವಾಗ ನನ್ನ ದನಿ ಸಣ್ಣದಾಗುತ್ತದೆ. ಇನ್ನು ಮೇಲೆ ನನ್ನನ್ನು ಮನೆಗೆ ಕರೆಯುವವರು ಏನನ್ನೂ ಗುಡಿಸಬೇಡಿ. ಕಸ ಇರಲಿ. ತೂತು ಗಡಿಗೆ ಇರಲಿ.

ಹೊರಗೆ ಬಿಸಿಲು ಹೇಗಿದೆ, ನೀವೇ ನೋಡುತ್ತಿದ್ದೀರಿ. ಮನೆಯ ಮುಂದೆ ಒಂದೇ ಗಿಡ ಇದ್ದರೂ ನಾಳೆ ಹೊತ್ತು ಹುಟ್ಟುವ ಮುಂಚೆ ಏಳಿ. ಎಲೆಗೆ ಬೇಡ, ಬುಡಕ್ಕೆ ಹಾಕಿ. ಅವಸರದಿಂದ ಬೇಡ, ಆಳಕ್ಕೆ ಇಳಿಯುವ ತನಕ ನಿಧಾನವಾಗಿ ಹಾಕಿ. ಉದುರಿದ ಎಲೆಗೆ ಬೆಂಕಿ ಹಚ್ಚಬೇಡಿ, ಅದು ಆ ಗಿಡದ್ದೇ ಹೊದಿಕೆ, ಅದಕ್ಕೇ ಹೊದಿಸಿ. ಮಧ್ಯಾಹ್ನ ಬಾಡಿತು ಅಂತ ಸುಡುವ ನೀರು ಹಿಡಿದು ಓಡಬೇಡಿ. ಒಂದು ಗೋಣಿಚೀಲ ಕಟ್ಟಿ ನೆರಳು ಮಾಡಿ, ಸಂಜೆಯ ತನಕ ತಾಳಿ.

ಮನೆಯ ಒಳಗೂ ಬಾಡುತ್ತಿರುವ ಜೀವಗಳಿವೆ. ಒಣಗಿದ್ದು ಯಾವುದು ಅಂತ ನಿಮಗೆ ಗೊತ್ತು. ಅದಕ್ಕೆ ಅತ್ತು ಮುಗಿಸಿ. ಇನ್ನೂ ಅರ್ಧ ಹಸಿರಾಗಿರುವುದು ಯಾವುದು? ಗಡಿಗೆಯನ್ನು ಅದರ ಬುಡಕ್ಕೆ ಒಯ್ಯಿರಿ. ನಾಳೆ ಮುಂಜಾನೆ ಮನೆಯವರು ಎದುರು ನಿಂತು ಏನಾದರೂ ಹೇಳಲು ಬಂದರೆ, ಹೂಂ ಅನ್ನುವ ಮುಂಚೆ ಕೈಯಲ್ಲಿರುವ ಪೇಪರನ್ನು ಕೆಳಗಿಡಿ.