ಖಾಲಿ ತೊಟ್ಟಿಲು ತೂಗಿದವರು

ಸ್ವೀಡನ್ನಿನ ಮೋಲ್ನ್‌ಡಾಲ್‌ನಲ್ಲಿ ಅಕ್ಟೋಬರ್ ಮಳೆ ಹಿಡಿದರೆ ಸಂಜೆಗೆ ಮೊದಲೇ ದೀಪ ಹಾಕಬೇಕು. ಮೀರಾಳ ಮನೆಯ ಹಾಲಿನಲ್ಲಿ ಆ ದಿನ ಮೂರ್ನಾಲ್ಕು ಸಂಸಾರ ಸೇರಿತ್ತು. ಮೀರಾ ಎಲ್ಲರಿಗೂ ಕಾಫಿ ಕೊಟ್ಟು ಕೂತಳು. ಅವಳ ದೊಡ್ಡಮ್ಮ ಲೀಲಾವತಮ್ಮ ಸೋಫಾದ ಮೇಲೆ ಕಾಲು ಮಡಿಚಿಕೊಂಡು ಶುರು ಮಾಡಿದರು.

"ನಗೋರು ಈಗಲೇ ನಕ್ಕುಬಿಡಿ, ನಡುವೆ ಬಾಯಿ ಹಾಕಿದರೆ ನಾನು ಸುಮ್ಮನಿರೋಳಲ್ಲ. ಈ ಸ್ವೀಡನ್ನಿನವರೂ ಒಂದು ಕಾಲದಲ್ಲಿ ವೆಸ್ಟ್ ಇಂಡೀಸ್ ಕಡೆ ಒಂದು ದ್ವೀಪ ಆಳ್ತಿದ್ರು, ಗೊತ್ತಾ? ಅಲ್ಲಿಗೆ ಹೋಗಿದ್ದ ದೊಡ್ಡ ಮನೆತನದ ಹೆಂಗಸರ ವಂಶದವರದ್ದೇ ಒಂದು ಸಂಘ ಇದೆ. ತಾಯಿ, ತಾಯಿಯ ತಾಯಿ ಅಂತ ತಲೆಮಾರು ಎಣಿಸಿ ಆ ದ್ವೀಪದವರೆಗೂ ಹೇಳಿದವಳಿಗೆ ಮಾತ್ರ ಅಲ್ಲಿ ಕುರ್ಚಿ. ನಮ್ಮ ಪುರೋಹಿತರೂ ಗೋತ್ರ ಅಷ್ಟು ಕೆದಕೋದಿಲ್ಲ ಬಿಡಿ! ಆ ಸಂಘದ ಹಳೇ ಮನೇಲಿ ನಮ್ಮ ಮೀರಾ ಫೀಕಾಗೆ, ಅಂದರೆ ಇವರು ಕೂತು ಹರಟೋ ಕಾಫಿ ಹೊತ್ತಿಗೆ, ಕಾಫಿ, ಬನ್ನು ಕೊಡೋ ಕೆಲಸಕ್ಕೆ ಹೋಗ್ತಿದ್ದಳು. ತುಂಬಿದ ಬಸುರಿ. ಮೊದಲನೇದು ಹೊಟ್ಟೆಯಲ್ಲೇ ಹೋಗಿತ್ತು. ಅದಕ್ಕೇ ಈ ಕೂಸು ಒಂದು ಸಲ ಒದ್ದರೆ ಸಾಕು, ಅವಳಿಗೆ ಹೋದ ಜೀವ ಬಂದ ಹಾಗಾಗೋದು.

ವರ್ಷದ ಮೀಟಿಂಗ್ ದಿನ ಆ ಹೆಂಗಸರು ದ್ವೀಪದಿಂದ ಬಂದ ತೊಟ್ಟಿಲನ್ನ ನಡುಮನೆಗೆ ತಂದು, ತಮ್ಮ ಮೂಲದಜ್ಜಿಯರ ಹೆಸರು ಕೂಗ್ತಾ... ಖಾಲಿ ತೊಟ್ಟಿಲು ತೂಗಿದರು! ಅಯ್ಯೋ ರಾಮ, ಖಾಲಿ ತೊಟ್ಟಿಲು ಯಾರಾದರೂ ತೂಗ್ತಾರೇನ್ರೀ? 'ಬೇಡಿ' ಅಂದಳು ಮೀರಾ. 'ಇದು ನಮ್ಮ ಸಂಪ್ರದಾಯ' ಅಂತ ಪ್ರೆಸಿಡೆಂಟಮ್ಮ ನಕ್ಕಳು.

ಹೆಸರು ಮುಗಿದವು, ಕೈ ಬಿಟ್ಟರು... ತೊಟ್ಟಿಲು ಮಾತ್ರ ನಿಲ್ಲಲೇ ಇಲ್ಲ. ಮೀರಾ ನೋಡ್ತಾಳೆ, ತಲೆಗೆ ಬಟ್ಟೆ ಕಟ್ಟಿದ ಕಪ್ಪು ಹೆಂಗಸೊಬ್ಬಳು ಬಗ್ಗಿ ತೂಗ್ತಿದ್ದಾಳೆ! ಅದೇ ಹೊತ್ತಿಗೆ ಇವಳ ಹೊಟ್ಟೆಯೊಳಗಿನ ಕೂಸು ತಣ್ಣಗಾಯ್ತು. ಮುಟ್ಟಿದಳು, ತಟ್ಟಿದಳು... ಊಹೂಂ, ಅಲುಗಾಟವೇ ಇಲ್ಲ. ಇನ್ನೊಂದು ಸಲ ಹೀಗಾದರೆ ತಾನು ಬದುಕೋದಿಲ್ಲ ಅನ್ನಿಸಿತು ಅವಳಿಗೆ.

'ನಿನ್ನ ಕೂಸೆಲ್ಲಮ್ಮಾ?' ಅಂತ ಕನ್ನಡದಲ್ಲೇ ಕೇಳಿಬಿಟ್ಟಳು. ಆ ಹೆಂಗಸು ಬರಿಗೈ ತೋರಿಸಿದಳು. ಆ ದ್ವೀಪದ ದೊಡ್ಡ ಮನೆಗಳಲ್ಲಿ ಗುಲಾಮಳಾಗಿದ್ದವಳಲ್ವೇ? ಯಜಮಾನರ ಮಕ್ಕಳನ್ನ ತೂಗಿ ತೂಗಿ ಕೈ ಸವೆದರೂ ಅವಳ ಕೂಸಿಗೆ ತೊಟ್ಟಿಲು ಯಾರು ಕೊಡ್ತಿದ್ದರು? ಹೆಸರು ಯಾರು ಕೂಗ್ತಿದ್ದರು?

ನಾಮಕರಣದಲ್ಲಿ ನಾವು ಮೊದಲು ಗುಂಡುಕಲ್ಲನ್ನ ಮಲಗಿಸಿ ತೂಗ್ತೀವಲ್ಲ, ಅದು ನೆನಪಾಯ್ತು ನೋಡಿ ನಮ್ಮ ಹುಡುಗಿಗೆ. ಅಡುಗೆಮನೆಗೆ ಓಡಿ, ಬನ್ನಿಗೆ ಏಲಕ್ಕಿ ಕುಟ್ಟೋ ಕಲ್ಲು ತಂದು, ತನ್ನ ದುಪಟ್ಟಾದಲ್ಲಿ ಸುತ್ತಿ ಮಲಗಿಸಿದಳು. ತೂಗ್ತಾ ಜೋಗುಳ ಹೇಳಿದಳು. ಬಗ್ಗಿ, ತನ್ನ ಮಗಳಿಗೆ ಅಂತ ಆಸೆಯಿಂದ ಇಟ್ಟುಕೊಂಡಿದ್ದ ಹೆಸರನ್ನೇ ಕಲ್ಲಿನ ಕಿವಿಯಲ್ಲಿ ಕರೆದಳು... ತಾರಿಣಿ, ತಾರಿಣಿ, ತಾರಿಣಿ.

ತೊಟ್ಟಿಲು ನಿಂತಿತು. ಆ ಹೆಂಗಸು, ಸೆರಗೆಲ್ಲಿ ಬರಬೇಕು, ಬರಿಗೈಯಲ್ಲೇ ಕಣ್ಣೊರೆಸಿಕೊಂಡು ಹೋದಳು. ಒಳಗಿಂದ ಒಂದು ಒದೆ ಬಿತ್ತು ನೋಡಿ, ಮೀರಾ ಅಳ್ತಾ ಅಳ್ತಾ ನಕ್ಕುಬಿಟ್ಟಳು. ಪ್ರೆಸಿಡೆಂಟಮ್ಮ ತನ್ನ ಕುರ್ಚಿ ಬಿಟ್ಟುಕೊಟ್ಟು ಅವಳನ್ನ ಕೂರಿಸಿದಳು. ಆ ಒದ್ದವಳೇ ಈ ಅವನಿ, ಚಕ್ಕುಲಿ ಚೂರೆಲ್ಲ ಮೈಮೇಲೆ ಚೆಲ್ಲಿಕೊಂಡಿರೋಳು!"

ಎಲ್ಲರೂ ನಕ್ಕರು, ಉಸಿರು ಬಿಟ್ಟರು. ಮೀರಾ ಮಗಳನ್ನು ಎಳೆದು ಮಡಿಲಲ್ಲಿ ಕೂರಿಸಿಕೊಂಡಳು.

"ಕಲ್ಲು ಆ ತೊಟ್ಟಿಲಲ್ಲೇ ಇತ್ತು," ಅಂದರು ಲೀಲಾವತಮ್ಮ, ದನಿ ತಗ್ಗಿಸಿ. "ಸಂಘದವರು ವರ್ಷ ವರ್ಷ ಕಲ್ಲಿಗೆ ಸುತ್ತಿದ ಬಟ್ಟೆ ಬದಲಾಯಿಸೋವಾಗ ಹಳೇದು ಗಿಡ್ಡ ಆಗಿರ್ತಿತ್ತಂತೆ. ಮೊನ್ನೆ ನೋಡಿದರೆ ತೊಟ್ಟಿಲು ಖಾಲಿ... ಸುತ್ತಿದ್ದ ಬಟ್ಟೆ ಮಡಿಚಿಟ್ಟಿದೆ, ಬಾಗಿಲು ಒಳಗಿಂದ ತೆಗೆದಿದೆ. ಇನ್ನೇನು ಮತ್ತೆ? ತಾರಿಣಿ ನಮ್ಮ ಅವನಿಯ ಓರಗೆಯವಳು, ಓಡಾಡೋ ವಯಸ್ಸು. ಅವಳನ್ನ ಹೆಸರು ಹಿಡಿದು ಕರೆದ ದನಿ ಈ ಲೋಕದಲ್ಲಿ ಒಂದೇ... ಮೀರಾ, ಹೊರಬಾಗಿಲ ಚಿಲಕ ತೆಗಿಯೇ. ಆಗಲಿಂದ ಮಳೇಲಿ ನಿಂತಿದೆ, ಪಾಪ, ಮಗು."